ಗಾಜಿನ ಪೆಟ್ಟಿಗೆಯೊಳಗಣ ಮನುಷ್ಯ

ಕಲಕತ್ತೆಯ ಪಾರ್ಕ್ ಸ್ಟ್ರೀಟು ಚೌರಂಗಿಯನ್ನು ಕೂಡುವ ಎಡೆಯಿಂದ ಕೆಲವೇ ಹೆಜ್ಜೆಗಳಾಚೆ, ಬಂಗಾಳಿಗಳು ಜಾದೂಘರವೆಂದು ಕರೆಯುವ ಇಂಡಿಯನ್ ಮ್ಯೂಸಿಯಂ ಇದೆ. ಅಲ್ಲಿ ಸುಮಾರು 4,000 ವರ್ಷಗಳಷ್ಟು ಹಳೆಯದೆನ್ನಲಾಗುವ ಈಜಿಪ್ತಿನ ಮನುಷ್ಯದೇಹವೊಂದು ಗಾಜಿನ ಪೆಟ್ಟಿಗೆಯಲ್ಲಿ ಮಲಗಿದೆ. ಆರ್ಚ್‌ಬೋಲ್ಡ್ ಎಂಬ ಸೇನಾಧಿಕಾರಿ 1834ರಲ್ಲಿ ಅದನ್ನು ಪಾರ್ಕ್ ಸ್ಟ್ರೀಟಿನ ಏಷ್ಯಾಟಿಕ್ ಸೊಸೈಟಿಗೆ ಒಪ್ಪಿಸಿದನು. ಕೆಲಸಕ್ಕೆಂದೋ ಯಾತ್ರೆಗೆಂದೋ ಅತ್ತ ಹೋದ ನಮ್ಮವರು ಅದನ್ನು ನೋಡದೆ ಮರಳುವುದು ಅಪರೂಪ. ಕೆಲವರು ಕೈಮುಗಿಯುತ್ತಾರೆ, ಕೆಲವರು ಹೆಣ ಕಂಡ ಮೈಲಿಗೆಯೆಂದು ಬಿಡದಿಗೆ ಬಂದು ಸ್ನಾನಮಾಡುತ್ತಾರೆ, ಹುಡುಗರು ನಗುತ್ತಾರೆ. ಈ ಮೂವರಲ್ಲಿ ಯಾರನ್ನೂ ನಾವು ಹಳಿಯಲಾರೆವು.

ಈ ಬೀದಿಗೆ ಹಿಂದೆ ಸ್ಮಶಾನದ ರಸ್ತೆಯೆಂದೇ ಹೆಸರಿತ್ತು. ಇದರ ಇನ್ನೊಂದು ಕಡೆಯಲ್ಲಿರುವ, 1767ರಲ್ಲಿ ತೆರೆದ ಗೋರಿವನದಲ್ಲಿ ಸೊಸೈಟಿಯ ಸ್ಥಾಪಕ ವಿಲಿಯಂ ಜೋನ್ಸನನ್ನು 1794ರಲ್ಲಿ ಹುಗಿದರು. ಅವನ ಸಮಾಧಿಯ ಮೇಲೆ ಎತ್ತರದ ಗೋಪುರವಿದೆ, ಹೆಸರಿದೆ. ಸಮಾಧಿಯೊಳಗಿಂದ ಎತ್ತಿ ತಂದ ಈಜಿಪ್ತಿನವನಾದರೋ ನೋಡುವವರ ಬಾಯಲ್ಲಿ ಬರಿಯ ‘ಮಮ್ಮಿ’.

ಈಜಿಪ್ತಿನವರಿಗೂ ಈ ವಿಷಯದಲ್ಲಿ ಒಮ್ಮತವಿರಲಿಲ್ಲ. ಅಧ್ಯಕ್ಷ ಸಾದಾತ್ 1980ರಲ್ಲಿ ಕೈರೋ ಸಂಗ್ರಹಾಲಯದ ರಾಜದೇಹಗಳ ಕೋಣೆಯನ್ನು ಮುಚ್ಚಿಸಿದರು; 2021ರಲ್ಲಿ ಅದೇ ದೇಶ 22 ರಾಜರಾಣಿಯರ ದೇಹಗಳನ್ನು ಮೆರವಣಿಗೆಯಲ್ಲಿ ಹೊಸ ಸಂಗ್ರಹಾಲಯಕ್ಕೆ ಕರೆದೊಯ್ದಿತು. ನಮ್ಮ ನಾಗಾ ಪೂರ್ವಜನೊಬ್ಬನ ತಲೆಬುರುಡೆಯನ್ನು 2024ರಲ್ಲಿ ಇಂಗ್ಲೆಂಡಿನಲ್ಲಿ ಹರಾಜಿಗಿಟ್ಟಾಗ ನಾಗಾಲ್ಯಾಂಡ್ ಪ್ರತಿಭಟಿಸಿತು, ಮಾರಾಟ ನಿಂತಿತು. ಹರಾಜಿನ ಪಟ್ಟಿಯಲ್ಲಿ ಮನುಷ್ಯನಿಗೆ ಬೆಲೆ ಕಟ್ಟುವ ಧೈರ್ಯ ಈ ಕಾಲದಲ್ಲೂ ಉಳಿದಿದೆಯಲ್ಲ!

ಹಾಗೆಂದು ದೇಹವನ್ನು ತೋರಿಸುವುದೇ ತಪ್ಪೆಂದು ನಾವು ಹೇಳುವುದಿಲ್ಲ. ನಮ್ಮೂರ ಪಕ್ಕದ ಮಣಿಪಾಲದ ಅಂಗರಚನಾ ಸಂಗ್ರಹಾಲಯವನ್ನೂ ಬೆಂಗಳೂರು ನಿಮ್ಹಾನ್ಸಿನ ಮಿದುಳಿನ ಸಂಗ್ರಹಾಲಯವನ್ನೂ ನೋಡಿ ಬಂದ ಬಾಲಕ ತನ್ನ ಶರೀರವನ್ನು ಬೇರೆಯೇ ಕಣ್ಣಿನಿಂದ ಕಾಣುತ್ತಾನೆ. ನಮ್ಮ ಪ್ರಶ್ನೆಯೊಂದೇ: ಸತ್ತವನು ಒಪ್ಪಿದ್ದನೆ? ಬಂಗಾಳದ ಮುಖ್ಯಮಂತ್ರಿಯಾಗಿದ್ದ ಜ್ಯೋತಿ ಬಸು ಒಪ್ಪಿದ್ದರು. 2010ರಲ್ಲಿ ಅವರ ದೇಹ ಕಲಕತ್ತೆಯ ವೈದ್ಯ ವಿದ್ಯಾರ್ಥಿಗಳ ಪಾಲಾಯಿತು. ಅದು ದಾನ.

ಕೇಳದೆ ಪಡೆದದ್ದಕ್ಕೆ ಆ ಹೆಸರು ಸಲ್ಲದು. ಇಲ್ಲಿ ಮಾತು ನಮ್ಮ ಮನೆಬಾಗಿಲಿಗೇ ಬರುತ್ತದೆ. 1949ರ ಮುಂಬಯಿ ಅಂಗರಚನಾ ಶಾಸನದಂತೆ, ಸರ್ಕಾರಿ ಆಸ್ಪತ್ರೆ ಮೊದಲಾದೆಡೆ ಸತ್ತು, ಗೊತ್ತುಪಡಿಸಿದ ಅವಧಿಯೊಳಗೆ ಹತ್ತಿರದ ಬಂಧುಗಳಾರೂ ಕೇಳದ ಶವವನ್ನು ವೈದ್ಯ ಶಿಕ್ಷಣಕ್ಕೆ ಕೊಡಬಹುದು. ಶಾಸನದ ಉದ್ದೇಶವನ್ನು ನಾವು ಜರೆಯುವುದಿಲ್ಲ. ಶವವಿಲ್ಲದೆ ವೈದ್ಯ ವಿದ್ಯೆ ಸಾಗದು. ಆದರೆ ಬಂಧುಗಳಿಲ್ಲದವನು ಯಾರು? ಹನ್ನೆರಡರ ಹರೆಯದಲ್ಲಿ ಕುಂದಾಪುರದ ಕಡೆಯಿಂದ ಹೊರಟು, ಒಂದು ಹೋಟೆಲಿನಿಂದ ಇನ್ನೊಂದಕ್ಕೆ ಅಲೆದು, ಊರಿಗೆ ಕಾಗದ ಬರೆಯುವುದನ್ನೇ ಮರೆತ ಮಾಣಿಗೂ ಊರಲ್ಲಿ ಅಕ್ಕನಿದ್ದಾಳು, ಅಣ್ಣನ ಮಕ್ಕಳಿದ್ದಾರು. ಅವರಿಗೆ ಸುದ್ದಿ ಮುಟ್ಟಿಸುವವರು ಇಲ್ಲ, ಅಷ್ಟೆ.

ಆದುದರಿಂದ ಹೋಟೆಲು ಮಾಲಿಕರಲ್ಲಿ ನಮ್ಮ ವಿನಂತಿಯಿದು. ತಮ್ಮಲ್ಲಿ ದುಡಿಯುವ ಪ್ರತಿಯೊಬ್ಬನ ಊರು, ಮನೆ, ಹತ್ತಿರದ ಬಂಧುವಿನ ದೂರವಾಣಿ ಸಂಖ್ಯೆ, ಇವನ್ನು ಸಂಬಳದ ಪುಸ್ತಕದಲ್ಲೇ ಬರೆದಿಡಲಿ. ನಮ್ಮ ಸಂಘಗಳು ಆಸ್ಪತ್ರೆಗಳೊಡನೆ ಸಂಪರ್ಕವಿಟ್ಟುಕೊಂಡು, ಕನ್ನಡ ನಾಡಿನವನೆಂದು ತಿಳಿದ ರೋಗಿಯ ವಿಚಾರವನ್ನು ಒಡನೆ ಊರಿಗೆ ತಿಳಿಸಲಿ. ದೇಹದಾನಕ್ಕೆ ಮನಸ್ಸುಳ್ಳವರು ಬದುಕಿರುವಾಗಲೇ ಮನೆಯವರ ಎದುರಿನಲ್ಲಿ ಅರ್ಜಿ ತುಂಬಲಿ.