ಕಿಟಕಿಗೆ ಬಾಡಿಗೆ, ಕೆರೆ ಪುಕ್ಕಟೆ

ಉದಯಪುರ ಎಂದೊಡನೆ ನಮಗೆ ನೆನಪಾಗುವುದು ಹನಿಮೂನ್, ಇಲ್ಲವೇ ಶ್ರೀಮಂತರ ಮಕ್ಕಳ ಮದುವೆ. ಪಿಚೋಲಾ ಸರೋವರದ ನಡುವೆ ತೇಲಿದಂತೆ ಕಾಣುವ ಬಿಳಿ ಅರಮನೆ ಹೋಟೆಲಿನ ಒಂದು ರಾತ್ರಿಯ ದುಡ್ಡಿನಲ್ಲಿ ನನ್ನಂಥವನ ಒಂದು ಸೆಮಿಸ್ಟರ್ ಮೆಸ್ ಬಿಲ್ ಮುಗಿಯುತ್ತದೆ. ಹಾಗಾಗಿ ನಮ್ಮ ವಯಸ್ಸಿನವರು ‘ಅದು ದುಡ್ಡಿದ್ದವರ ಊರು ಮಾರಾಯ’ ಎಂದು ಗೋವಾ ದಾರಿ ಹಿಡಿಯುತ್ತಾರೆ.

ಮೈಸೂರಿನಿಂದ ಬೆಂಗಳೂರು ಹಾದು ಉದಯಪುರಕ್ಕೆ ವಾರಕ್ಕೊಮ್ಮೆ ನೇರ ರೈಲಿದೆ. ಅದರಲ್ಲಿ ಹೋದ ನಾವು ಮೂವರು ಗೆಳೆಯರು ಹಳೇ ಪೇಟೆಯ ಮನೆಯೊಂದರಲ್ಲಿ ಎರಡು ರಾತ್ರಿ ತಂಗಿದೆವು. ಗಲ್ಲಿ ಕಡೆಯ ಕೋಣೆಗೆ 900 ರೂಪಾಯಿ. ಅದೇ ಮಹಡಿಯಲ್ಲಿ ಕೆರೆ ಕಾಣುವ ಕೋಣೆಗೆ 2,200. ಮಂಚ, ಫ್ಯಾನು, ಬಕೆಟ್ಟು ಎಲ್ಲಾ ಒಂದೇ ಥರ. ಉಳಿದ 1,300 ಬರೀ ಕಿಟಕಿಗೆ! ನಾವು ತಲಾ 300 ಕೊಟ್ಟು ಗಲ್ಲಿ ಕಡೆ ಮಲಗಿದೆವು. ಎರಡು ನಿಮಿಷ ನಡೆದರೆ ಗಣಗೌರ್ ಘಾಟ್. ಅಲ್ಲಿ ಮೆಟ್ಟಿಲ ಮೇಲೆ ಕೂರಲು ಯಾರೂ ಟಿಕೆಟ್ ಕೇಳಲಿಲ್ಲ. ಬಟ್ಟೆ ಒಗೆಯುವವರು, ಪಾರಿವಾಳಗಳಿಗೆ ಕಾಳು ಹಾಕುವವರು, ಕೈ ಕೈ ಹಿಡಿದು ಕುಳಿತ ಜೋಡಿಗಳು, ಎಲ್ಲರಿಗೂ ಅದೇ ನೀರು, ಅದೇ ಸೂರ್ಯಾಸ್ತ.

ಸಿವಿಲ್ ಓದುವವನಾಗಿ ಹೇಳುತ್ತೇನೆ, ಪಿಚೋಲಾವನ್ನು ಸರೋವರ ಎನ್ನುವುದಕ್ಕಿಂತ ಕನ್ನಡದಲ್ಲಿ ಕೆರೆ ಎನ್ನುವುದೇ ಸರಿ. ಏಕೆಂದರೆ ಅದು ಕಟ್ಟಿದ್ದು. ಹದಿನಾಲ್ಕನೇ ಶತಮಾನದಲ್ಲಿ ಬಂಜಾರನೊಬ್ಬ ಮೊದಲು ಏರಿ ಹಾಕಿಸಿದನೆಂದು ಪ್ರತೀತಿ. ಹದಿನಾರನೇ ಶತಮಾನದಲ್ಲಿ ಊರು ಕಟ್ಟಿದ ಮಹಾರಾಣಾ ಉದಯಸಿಂಗ್ ಅದನ್ನು ದೊಡ್ಡದು ಮಾಡಿದ. ಪಿಚೋಲಾ, ಸ್ವರೂಪ್ ಸಾಗರ್, ಫತೇಹ್ ಸಾಗರ್ ಕಾಲುವೆಗಳಿಂದ ಒಂದಕ್ಕೊಂದು ಸೇರಿಕೊಂಡಿವೆ. ಊರು ಕುಡಿಯುವ ನೀರಿನಲ್ಲಿ ಈ ಕೆರೆಗಳದ್ದೂ ಒಂದು ಪಾಲಿದೆ. ಬರದ ವರ್ಷಗಳಲ್ಲಿ ಪಿಚೋಲಾ ಒಣಗಿ, ಆ ಬಿಳಿ ಅರಮನೆ ಬಿರುಕುಬಿಟ್ಟ ಮಣ್ಣಿನ ಮೇಲೆ ನಿಂತದ್ದೂ ಉಂಟು. ಆಗ ಆ ಕಿಟಕಿಗೆ 1,300 ಕೊಡುವವರಾರು?

ಹೋಟೆಲುಗಳು ಮಾರುತ್ತಿರುವುದು ಯಾರೋ ಕಟ್ಟಿದ ಏರಿ, ಯಾವುದೋ ಗುಡ್ಡದ ಮಳೆ. ಹಾಗಿರುವಾಗ ಆ 1,300ರಲ್ಲಿ ಕೆರೆಗೂ ಒಂದು ಪಾಲು ಸಿಗಬೇಡವೇ? ಹೂಳು ತೆಗೆಯಲು, ಕೊಳಚೆ ತಡೆಯಲು ಅದು ಬೇಕು. ಕಡಿಮೆ ದುಡ್ಡಿನಲ್ಲಿ ಹೋಗುವ ನಾವೇನೂ ಸಾಚಾ ಅಲ್ಲ ಬಿಡಿ. ಮೆಟ್ಟಿಲ ಮೇಲಿನ ಚಹಾ ಕಪ್ಪು, ಚಿಪ್ಸ್ ಪ್ಯಾಕೆಟ್ ನಮ್ಮಂಥವರದ್ದೇ.

ಮೆಟ್ಟಿಲುಗಳಂತೂ ತೆರೆದೇ ಇರಬೇಕು. ಬೆಂಗಳೂರಿನ ಎಷ್ಟೋ ಕೆರೆಗಳಿಗೆ ಬೇಲಿ ಹಾಕಿ, ಗೇಟಿಗೆ ಸಮಯದ ಫಲಕ ತೂಗುಹಾಕಿದ್ದಾರೆ. ಮಧ್ಯಾಹ್ನ ಕ್ಲಾಸ್ ಮುಗಿಸಿ ಹೋದರೆ ಬೀಗ. ಉದಯಪುರಕ್ಕೆ ಆ ಗತಿ ಬರುವ ಮೊದಲೇ ಒಮ್ಮೆ ಹೋಗಿಬನ್ನಿ. ಮಳೆ ಮುಗಿಯುವ ಸೆಪ್ಟೆಂಬರ್ ಒಳ್ಳೆಯದು. ಮಳೆ ಚೆನ್ನಾಗಿ ಆಗಿದ್ದರೆ ಕೆರೆ ತುಂಬಿರುತ್ತದೆ, ಕೋಣೆ ಬಾಡಿಗೆ ಇನ್ನೂ ಏರಿರುವುದಿಲ್ಲ.