'ಈಗ ಏನು ನೋಡ್ತಿದ್ದೀರಿ?' ಅಂತಲೂ ಕೇಳಿ

ಕನ್ನಡದ ಪುಸ್ತಕ ಬಿಡುಗಡೆಯ ಆಹ್ವಾನ ಪತ್ರಿಕೆಯನ್ನು ಒಮ್ಮೆ ಸರಿಯಾಗಿ ನೋಡಿ. ಮೇಲೆ ದಿವ್ಯ ಸಾನ್ನಿಧ್ಯ, ಆಮೇಲೆ ಅಧ್ಯಕ್ಷತೆ, ಉದ್ಘಾಟನೆ, ಕೃತಿ ಬಿಡುಗಡೆ, ಕೃತಿ ಪರಿಚಯ, ಮೂರು ಜನ ಮುಖ್ಯ ಅತಿಥಿಗಳು. ಎಲ್ಲ ಮುಗಿದ ಮೇಲೆ ಕೊನೆಗೆ 'ಉಪಸ್ಥಿತಿ' ಅಂತ ಬರೆದು ಲೇಖಕರ ಹೆಸರು. ಎರಡು ವರ್ಷ ಕೂತು ಬರೆದವರು ತಮ್ಮದೇ ಪುಸ್ತಕದ ಮದುವೆಗೆ ದೂರದ ನೆಂಟರ ಹಾಗೆ ಬಂದು ಹೋಗುತ್ತಾರೆ.

ಲೇಖಕರಿಗೆ ಐದು ನಿಮಿಷ ಮೈಕು ಸಿಕ್ಕರೂ ಬರುವ ಪ್ರಶ್ನೆ ಒಂದೇ: 'ನಿಮ್ಮ ಮೇಲೆ ಯಾರ ಪ್ರಭಾವ?' ಉತ್ತರವೂ ಹೆಚ್ಚು ಕಮ್ಮಿ ಸಿದ್ಧವೇ ಇರುತ್ತದೆ. ಕುವೆಂಪು, ಕಾರಂತ, ಬೇಂದ್ರೆ, ತೇಜಸ್ವಿ. ಸುಳ್ಳು ಅಂತ ನಾವು ಹೇಳುತ್ತಿಲ್ಲ. ಆದರೆ ಇಪ್ಪತ್ತೊಂದು ವರ್ಷದ ಹುಡುಗಿಯೊಬ್ಬಳು ಬರೆದ ಕಾದಂಬರಿಯ ಹಿಂದೆ ಈ ನಾಲ್ಕು ಜನ ಮಾತ್ರ ಇದ್ದಾರೆ, ನಿನ್ನೆ ರಾತ್ರಿ ಎರಡು ಗಂಟೆವರೆಗೆ ಹಾಸ್ಟೆಲ್ ಕಾಟಿನ ಮೇಲೆ ಕೂತು ನೋಡಿದ ಸೀರೀಸ್ ಇಲ್ಲವೇ ಇಲ್ಲ ಅಂದರೆ ನಂಬುವುದು ಕಷ್ಟ.

ಈ ಮಾತು ಈಗ ಯಾಕೆ ಅಂದರೆ, ನಮ್ಮ ಬಳಗದ ಗೆಳತಿಯೊಬ್ಬಳ ಮೊದಲ ಕಾದಂಬರಿ ಅಚ್ಚಿಗೆ ಹೋಗುವ ಹಂತದಲ್ಲಿದೆ. ಅವಳು ಸೊರಬ ತಾಲ್ಲೂಕಿನವಳು, ಆರನೇ ಸೆಮಿಸ್ಟರು. ಕಥಾನಾಯಕಿಯ ಊರು ಶಿರಾಳಕೊಪ್ಪ. ಅವಳ ಬದುಕು ವಾರಕ್ಕೊಮ್ಮೆ ಕಾಲೇಜಿಗೂ ಊರಿಗೂ ನಡುವೆ ಬಸ್ಸಿನಲ್ಲಿ ಓಡಾಡುತ್ತಿರುತ್ತದೆ. ಪುಸ್ತಕದ ಕೊನೆಯಲ್ಲಿ ಗೆಳತಿ ಒಂದು ಪುಟ ಸೇರಿಸಿದ್ದಾಳೆ: 'ಇದನ್ನು ಬರೆಯುವಾಗ ನಾನು ನೋಡಿದ್ದು, ಕೇಳಿದ್ದು'. ಅದರಲ್ಲಿ 'ಸು ಫ್ರಮ್ ಸೋ' ಇದೆ, 'ಒನ್ ಪೀಸ್' ಇದೆ, 'ರಿಪ್ಲೈ 1988' ಅನ್ನುವ ಕೊರಿಯನ್ ಸೀರೀಸ್ ಇದೆ, 'ಕಿರಿಕ್ ಪಾರ್ಟಿ' ಇದೆ, ಊರ ಗದ್ದೆಯಲ್ಲಿ ಬೆಳಗಿನವರೆಗೆ ಕೂತು ನೋಡಿದ ಯಕ್ಷಗಾನವೂ ಇದೆ. ಕರಡು ಓದಿದ ಹಿರಿಯರೊಬ್ಬರು ಪ್ರೀತಿಯಿಂದಲೇ ಹೇಳಿದರಂತೆ, "ಪುಸ್ತಕ ಚೆನ್ನಾಗಿದೆ ಕಣಮ್ಮ, ಈ ಕೊನೇ ಪುಟ ಒಂದು ತೆಗೆದುಬಿಡು. ಗಾಂಭೀರ್ಯ ಹೋಗುತ್ತೆ." ಬಳಗದಲ್ಲಿ ಇದರ ಮೇಲೆ ಎರಡು ಸಂಜೆ ಜಗಳ ಆಯಿತು. ಕೊನೆಗೆ ನಾವು ಬಂದು ನಿಂತ ಅಭಿಪ್ರಾಯ ಇದು: ಆ ಪುಟ ಇರಲೇಬೇಕು.

ಮೊದಲು ಕನ್ನಡದ ಪುಸ್ತಕದ ಅಂಗಡಿಗೆ ಹೋಗೋಣ. ಒಂದು ಕಡೆ ಮಕ್ಕಳ ಸಾಹಿತ್ಯ, ಇನ್ನೊಂದು ಕಡೆ ಉಳಿದೆಲ್ಲ. ಹದಿನಾರರಿಂದ ಇಪ್ಪತ್ತೆರಡರ ನಡುವಿನವರಿಗೆ ಅಂತ ಒಂದು ಕಪಾಟು ಹುಡುಕಿ ನೋಡಿ. ಸಿಕ್ಕರೆ ಅದು ಇಂಗ್ಲಿಷ್ ವಿಭಾಗದಲ್ಲಿ. ಪ್ರಶಸ್ತಿಗಳ ಕಥೆಯೂ ಹಾಗೇ. ಕೇಂದ್ರ ಸಾಹಿತ್ಯ ಅಕಾಡೆಮಿ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತದೆ, ಯುವ ಪುರಸ್ಕಾರವನ್ನೂ ಕೊಡುತ್ತದೆ. ಮೊದಲನೆಯದು ಓದುವವರ ವಯಸ್ಸು ನೋಡುತ್ತದೆ, ಎರಡನೆಯದು ಬರೆಯುವವರ ವಯಸ್ಸು ನೋಡುತ್ತದೆ, 35ರ ಒಳಗಿರಬೇಕು ಅಷ್ಟೆ. ಯುವ ಓದುಗರು ಅನ್ನುವ ಜಾತಿ ಇವೆರಡರ ನಡುವೆ ಎಲ್ಲೋ ಬಿದ್ದುಹೋಗಿದೆ.

ಬರೆಯುವವರಿಲ್ಲ ಅಂತಲ್ಲ. ನಮ್ಮ ಸೊರಬದ ಗಡಿ ದಾಟಿದರೆ ಸಿಗುವ ಬನವಾಸಿಯ ಶ್ರೀಧರ, ಅಂದರೆ 'ಫಕೀರ', 'ಬೇರು' ಕಾದಂಬರಿಗೆ 2019ರ ಯುವ ಪುರಸ್ಕಾರ ಪಡೆದವರು. ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದಿದ ವಸುಧೇಂದ್ರ ಕಥೆಗಾರರಾದದ್ದು ಮಾತ್ರವಲ್ಲ, ಛಂದ ಪುಸ್ತಕ ಕಟ್ಟಿ ಹೊಸಬರ ಮೊದಲ ಕಥಾಸಂಕಲನಗಳಿಗೆ ಬಹುಮಾನವಿಟ್ಟು ಅಚ್ಚು ಹಾಕಿದರು. ಪಕ್ಕದ ಸಾಗರದ ನಾ. ಡಿಸೋಜ ಲೋಕೋಪಯೋಗಿ ಇಲಾಖೆಯ ನೌಕರಿ ಮಾಡುತ್ತ ಶರಾವತಿಯ ಮುಳುಗಡೆಯನ್ನು ಕಣ್ಣಾರೆ ಕಂಡವರು. ಅದೇ ಮುಳುಗಡೆಯನ್ನು ದೊಡ್ಡವರಿಗೆ 'ದ್ವೀಪ'ವಾಗಿ ಬರೆದರು, ಚಿಕ್ಕವರಿಗೆ 'ಮುಳುಗಡೆಯ ಊರಿಗೆ ಬಂದವರು' ಅಂತ ಬರೆದು 2011ರಲ್ಲಿ ಬಾಲ ಸಾಹಿತ್ಯ ಪುರಸ್ಕಾರ ತಂದರು. ಒಂದೇ ನೀರು, ಎರಡು ವಯಸ್ಸಿನವರಿಗೆ ಎರಡು ಬಗೆಯಲ್ಲಿ. ಆ ಎರಡರ ನಡುವಿನ ವಯಸ್ಸಿನವರು ನಾವು.

ಇಂಗ್ಲಿಷಿನಲ್ಲಿ ಈ ವಯಸ್ಸಿಗೆ ಕಪಾಟು ಹುಟ್ಟಿದ ಕಥೆ ಹೇಳುವಾಗ ಎಲ್ಲರೂ ಹೇಳುವ ಹೆಸರು ಎಸ್. ಇ. ಹಿಂಟನ್. ಹೈಸ್ಕೂಲಿನಲ್ಲಿದ್ದಾಗಲೇ 'ದಿ ಔಟ್‌ಸೈಡರ್ಸ್' ಬರೆದ ಹುಡುಗಿ. 1967ರಲ್ಲಿ ಅದು ಪ್ರಕಟವಾದಾಗ ಅವಳಿಗೆ 18. ತನ್ನ ವಯಸ್ಸಿನವರ ಬಗ್ಗೆ ತನ್ನ ವಯಸ್ಸಿನವಳೇ ಬರೆದದ್ದು, ಅದೇ ಅದರ ಬಲ. ಆಮೇಲೆ ಬಂದ 'ಟ್ವಿಲೈಟ್' ಬಗ್ಗೆ ನಮ್ಮಲ್ಲಿ ಎರಡು ಅಭಿಪ್ರಾಯ ಇವೆ (ಒಂದನ್ನು ಇಲ್ಲಿ ಬರೆಯುವ ಹಾಗಿಲ್ಲ). ಆದರೆ ಅದನ್ನು ಬರೆದ ಸ್ಟೆಫನಿ ಮೇಯರ್ ತಮ್ಮ ಪುಸ್ತಕಗಳ ಜೊತೆಗೆ ಹಾಡುಗಳ ಪಟ್ಟಿಯನ್ನೂ ಓದುಗರಿಗೆ ಕೊಟ್ಟರು, ಮ್ಯೂಸ್ ಬ್ಯಾಂಡಿಗೆ ಪುಸ್ತಕದಲ್ಲೇ ಧನ್ಯವಾದ ಹೇಳಿದರು. ಅಲ್ಲಿ ಈ ಬಗೆಯ ಲೇಖಕರನ್ನು, ಪುಸ್ತಕ ಬರುವುದಕ್ಕೆ ಮೊದಲೇ, ಈಗ ಏನು ನೋಡ್ತಿದ್ದೀರಿ, ಏನು ಕೇಳ್ತಿದ್ದೀರಿ ಅಂತ ಮಾತಾಡಿಸುವುದು ರೂಢಿ. ಮೇಲ್ನೋಟಕ್ಕೆ ಹಗುರ ಪ್ರಶ್ನೆ. ಆದರೆ ಓದುಗನಿಗೆ ಅದು ಹೇಳುವುದು ಬೇರೆ: ಈ ಪುಸ್ತಕ ಬರೆದವಳು ನಿನ್ನ ಪಕ್ಕದ ಬೆಂಚಿನಲ್ಲೇ ಕೂತಿದ್ದಾಳೆ.

'ಹಿರಿಯರು ಒಪ್ಪಲ್ಲ' ಅನ್ನುವವರಿಗೆ ತೇಜಸ್ವಿಯನ್ನೇ ಮುಂದಿಡುತ್ತೇವೆ. 'ಪ್ರಭಾವ'ದ ಪಟ್ಟಿಯಲ್ಲಿ ತಪ್ಪದೆ ಬರುವ ಹೆಸರು. ಅವರು ತಾವು ಇಷ್ಟಪಟ್ಟದ್ದನ್ನು ಬಚ್ಚಿಟ್ಟುಕೊಂಡವರೇ? ಕೆನೆತ್ ಆಂಡರ್ಸನ್ನನ ಶಿಕಾರಿ ಕಥೆಗಳನ್ನು ಓದಿ ಮೆಚ್ಚಿ ಸುಮ್ಮನಿರಲಿಲ್ಲ, 'ಕಾಡಿನ ಕತೆಗಳು' ಅಂತ ಕನ್ನಡಕ್ಕೆ ತಂದು ನಮ್ಮ ಕೈಗಿಟ್ಟರು. 'ಪ್ಯಾಪಿಲಾನ್' ತಂದರು. ಮೀನು ಹಿಡಿಯುವುದು, ಕ್ಯಾಮೆರಾ, ಹಕ್ಕಿ, ಎಲ್ಲವೂ ಪುಸ್ತಕವಾಯಿತು. ಆ ಶಿಕಾರಿ ಕಥೆಗಳನ್ನು ಯಾರಾದರೂ ಆಗ 'ಗಂಭೀರ ಸಾಹಿತ್ಯ ಅಲ್ಲ' ಅಂದಿದ್ದರೆ ನಮ್ಮಲ್ಲಿ ಅರ್ಧ ಜನ ಕನ್ನಡ ಪುಸ್ತಕವನ್ನು ಕೈಯಲ್ಲಿ ಹಿಡಿಯುತ್ತಲೇ ಇರಲಿಲ್ಲ. ಬಳಗದಲ್ಲಿ ಕೈ ಎತ್ತಿಸಿ ನೋಡಿದ್ದೇವೆ, ಸಿಲಬಸ್ಸಿನ ಹೊರಗೆ ಮೊದಲು ಓದಿದ ಕನ್ನಡ ಪುಸ್ತಕ ಯಾವುದು ಅಂತ. 'ಕರ್ವಾಲೋ' ಮತ್ತು ನರಭಕ್ಷಕ ಹುಲಿಗಳಿಗೆ ಸಮ ಸಮ ಕೈ.

ಇನ್ನು ನಮ್ಮೂರಿನ ಮಾತು. ಬಳಗದಲ್ಲಿ ಶಿಕಾರಿಪುರ, ಸೊರಬದ ಕಡೆಯವರು ಐದಾರು ಜನ ಇದ್ದೇವೆ. ಊರು ಯಾವುದು ಅಂತ ಯಾರಾದರೂ ಕೇಳಿದರೆ ನಮಗೆ ಸಿಗುವ ಪ್ರತಿಕ್ರಿಯೆ ಒಂದೇ: 'ಓ, ಮುಖ್ಯಮಂತ್ರಿಗಳ ಊರು!' ಸರಿ, ಬಂಗಾರಪ್ಪನವರ ಸೊರಬ, ಯಡಿಯೂರಪ್ಪನವರ ಶಿಕಾರಿಪುರ. ಅಲ್ಲಿಗೆ ಮಾತು ಮುಗಿಯುತ್ತದೆ. ಆದರೆ ಹರೆಯದವರ ಕಥೆಗೆ ಕರ್ನಾಟಕದಲ್ಲಿ ಇದಕ್ಕಿಂತ ಒಳ್ಳೆಯ ಎರಡು ತಾಲ್ಲೂಕು ತೋರಿಸಿ ನೋಡೋಣ.

ತಾಳಗುಂದದ ಕಂಬದ ಶಾಸನವನ್ನೇ ತೆಗೆದುಕೊಳ್ಳಿ. ಕದಂಬರ ಶಾಂತಿವರ್ಮನ ಕಾಲದಲ್ಲಿ ಕುಬ್ಜ ಅನ್ನುವ ಕವಿ ಬರೆದ ಸಂಸ್ಕೃತ ಕಾವ್ಯ ಅದು. ಧೂಳು ಕೊಡವಿ ನೋಡಿದರೆ ಕಥೆ ಹೀಗಿದೆ: ಒಬ್ಬ ಹುಡುಗ ಗುರುವಿನ ಜೊತೆ ಹೆಚ್ಚಿನ ಓದಿಗೆ ದೂರದ ಕಂಚಿಗೆ ಹೋಗುತ್ತಾನೆ. ಅಲ್ಲಿನ ಘಟಿಕೆಗೆ ಸೇರುತ್ತಾನೆ. ಪಲ್ಲವರ ಕುದುರೆ ಸವಾರನ ಜೊತೆ ಜಗಳ ಆಗುತ್ತದೆ, ಅವಮಾನ ಆಗುತ್ತದೆ. ಓದು ಬಿಟ್ಟು, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದು, ಕಾಡು ಸೇರಿ, ಕೊನೆಗೆ ರಾಜ್ಯ ಕಟ್ಟುತ್ತಾನೆ. ಮಾರಾಯ್ರೇ, ಇದು ಕ್ಯಾಂಪಸ್ ಕಥೆ ಅಲ್ಲದೆ ಇನ್ನೇನು? ಹಾಸ್ಟೆಲ್, ಗಲಾಟೆ, ಡ್ರಾಪ್‌ಔಟ್, ಸ್ಟಾರ್ಟಪ್, ಎಲ್ಲ ಇದೆ. ದೇವುಡು ಇದನ್ನು 'ಮಯೂರ' ಕಾದಂಬರಿ ಮಾಡಿದರು. 1975ರಲ್ಲಿ ಅದು ರಾಜ್‌ಕುಮಾರ್ ಚಿತ್ರವಾಗಿ ನಮ್ಮ ಅಜ್ಜ-ಅಜ್ಜಿಯರ ಫೇವರಿಟ್ ಆಯಿತು. ಈಗ 2025ರಲ್ಲಿ 'ಕಾಂತಾರ ಚಾಪ್ಟರ್ 1' ಮತ್ತೆ ಕದಂಬರ ಕಾಲಕ್ಕೆ ಹೋದಾಗ ನಾವೆಲ್ಲ ಮೊದಲ ವಾರವೇ ಟಿಕೆಟ್ ಹಿಡಿದು ಓಡಿದೆವು. ಅಂದರೆ ಕಥೆಗೆ ಹಸಿವು ಇದೆ. ಐವತ್ತು ವರ್ಷದಲ್ಲಿ ಎರಡು ಸಿನಿಮಾ ಸಿಕ್ಕಿತು. ನಮ್ಮ ವಯಸ್ಸಿನವರು ನಮ್ಮ ಮಾತಿನಲ್ಲಿ ಬರೆದ ಕದಂಬರ ಕಾದಂಬರಿ ನಮ್ಮ ಕೈಗೆ ಇನ್ನೂ ಸಿಕ್ಕಿಲ್ಲ.

ಉಡುತಡಿ ಅಲ್ಲೇ ಹತ್ತಿರ. ಮನೆಯವರು, ಊರಿನವರು, ರಾಜ, ಎಲ್ಲರೂ ನಿನ್ನ ಬದುಕು ಹೀಗಿರಬೇಕು ಅಂದಾಗ 'ಇಲ್ಲ' ಅಂದು ಎದ್ದು ನಡೆದ ಹುಡುಗಿ ಮಹಾದೇವಿ. ಅವಳನ್ನು ನಾವು ಅಕ್ಕ ಅಂತ ಕರೆದು ಕೈಮುಗಿದು ದೂರ ಇಟ್ಟುಬಿಟ್ಟಿದ್ದೇವೆ. ಹೊರಟಾಗ ಅವಳು ನಮ್ಮ ವಯಸ್ಸಿನವಳು ಅನ್ನುವುದೇ ಮರೆತುಹೋಗಿದೆ. ಬಳ್ಳಿಗಾವಿಯ ಅಲ್ಲಮನದ್ದೂ ಹಾಗೆ. ಹರಿಹರನ ರಗಳೆಯಲ್ಲಿ ಅವನು ಕಮಲತೆಯನ್ನು ಪ್ರೀತಿಸಿ, ಅವಳು ಸತ್ತ ದುಃಖದಲ್ಲಿ ಹುಚ್ಚನ ಹಾಗೆ ಅಲೆಯುವ ಹುಡುಗ. ಅನುಭವ ಮಂಟಪದ ಪೀಠಕ್ಕೆ ಬರುವುದು ಎಷ್ಟೋ ಆಮೇಲೆ. ಪಠ್ಯಪುಸ್ತಕದಲ್ಲಿ ಮಾತ್ರ ಸೀದಾ ಪೀಠದಲ್ಲೇ ಹುಟ್ಟಿದ ಹಾಗಿರುತ್ತದೆ.

ಬಳ್ಳಿಗಾವಿಯ ಕೋಡಿಮಠದ ಶಾಸನ ಇನ್ನೂ ತಮಾಷೆ. 12ನೇ ಶತಮಾನದ ಆ ಶಾಸನ ಮಠದಲ್ಲಿ ಏನೇನು ಓದಿಸುತ್ತಿದ್ದರು ಅಂತ ಪಟ್ಟಿ ಕೊಡುತ್ತದೆ. ವೇದ, ಪಾಣಿನಿಯ ವ್ಯಾಕರಣ, ದರ್ಶನಗಳ ಜೊತೆಯಲ್ಲೇ ಕಾವ್ಯ, ನಾಟಕ. ಹಸಿದವರಿಗೆ ಊಟ, ಕಾಯಿಲೆಯವರಿಗೆ ಔಷಧಿ ಕೂಡ ಅಲ್ಲೇ. ಕೋಡಿಮಠದವರಿಗೆ ವ್ಯಾಕರಣದ ಪಕ್ಕದಲ್ಲಿ ನಾಟಕವನ್ನು ಬರೆಯಲು ನಾಚಿಕೆ ಆಗಲಿಲ್ಲ. ಅವರು ಕಲ್ಲಿನಲ್ಲೇ ಕೆತ್ತಿಸಿದರು. ನಮ್ಮ ಗೆಳತಿ ಕಾಗದದ ಮೇಲೆ ಅಚ್ಚು ಹಾಕಿಸಲು ಹೆದರಬೇಕೆ?

ಎದುರು ವಾದ ಇಲ್ಲದೆ ಇಲ್ಲ. ಬಳಗದಲ್ಲೇ ಒಬ್ಬ ಹೇಳಿದ, "ಐದು ವರ್ಷ ಬಿಟ್ಟು ಓದಿದರೆ ಆ ಪಟ್ಟಿ ಹಳೇ ಸ್ಟೇಟಸ್ ನೋಡಿದ ಹಾಗೆ ಇರುತ್ತೆ, ಮುಜುಗರ." ಇರಲಿ ಬಿಡಿ. ಮೊದಲ ಪುಸ್ತಕ ತನ್ನ ಕಾಲದ ವಾಸನೆ ಹೊತ್ತುಕೊಂಡೇ ಬರಬೇಕು. ಇನ್ನೊಬ್ಬಳ ಮಾತು ಹೆಚ್ಚು ಗಟ್ಟಿಯಾಗಿತ್ತು. ಪುಸ್ತಕ ಬರುವ ಮೊದಲೇ ರೀಲ್ಸ್, ಕವರ್ ಅನಾವರಣ, ಕೌಂಟ್‌ಡೌನ್ ಅಂತ ಲೇಖಕಿಯೇ ಸರಕಾಗಿಬಿಟ್ಟರೆ ಬರವಣಿಗೆಯನ್ನು ನೋಡುವವರು ಯಾರು? ಇದನ್ನು ನಾವು ಒಪ್ಪುತ್ತೇವೆ. ಕಾದಂಬರಿ ಸೋತರೆ ಯಾವ ಅನಿಮೆ ಪಟ್ಟಿಯೂ ಅದನ್ನು ಎತ್ತಿ ನಿಲ್ಲಿಸುವುದಿಲ್ಲ. ನಾವು ಕೇಳುತ್ತಿರುವುದು ಪ್ರಚಾರ ಅಲ್ಲ, ಲೇಖಕಿ ತನ್ನ ವಯಸ್ಸನ್ನು ಮುಚ್ಚಿಡದೆ ಇರುವ ಸ್ವಾತಂತ್ರ್ಯ.

ಆ ಸ್ವಾತಂತ್ರ್ಯ ಕೊನೇ ಪುಟಕ್ಕೆ ಮಾತ್ರ ಸೇರಿದ್ದಲ್ಲ. ಅದೇ ಹಿರಿಯರು ಒಳಗಿನ ಸಂಭಾಷಣೆಯನ್ನೂ ಸ್ವಲ್ಪ 'ತಿದ್ದಿ'ಕೊಟ್ಟಿದ್ದರು. ಶಿರಾಳಕೊಪ್ಪದ ಹುಡುಗಿ ಗೆಳತಿಗೆ 'ಎಂತ ಮಾರಾಯ್ತಿ, ಬ್ಯಾಕ್ ಬಿತ್ತಾ?' ಅನ್ನುವುದು 'ಏನಾಯಿತು, ಅನುತ್ತೀರ್ಣಳಾದೆಯಾ?' ಅಂತ ಆಗಿತ್ತು. ಓದಿ ಬಿದ್ದು ಬಿದ್ದು ನಕ್ಕೆವು, ಆಮೇಲೆ ಬೇಜಾರಾಯಿತು. ಜೆ.ಪಿ. ತುಮಿನಾಡು ಅವರ 'ಸು ಫ್ರಮ್ ಸೋ' ಕರಾವಳಿಯ ಒಂದು ಹಳ್ಳಿಯ ಮಾತನ್ನು ಹಾಗೇ ಇಟ್ಟುಕೊಂಡು ಬಂತು, ದೊಡ್ಡ ಸ್ಟಾರ್ ಇಲ್ಲದೆ ಬಾಯಿಂದ ಬಾಯಿಗೆ ಹಬ್ಬಿತು. ಬಯಲುಸೀಮೆಯವರೂ ನೋಡಿ ನಕ್ಕರು, ಯಾರೂ ಶಬ್ದಕೋಶ ಕೇಳಲಿಲ್ಲ. ಸಿನಿಮಾಕ್ಕೆ ಸಲ್ಲುವ ಮಾತು ಪುಸ್ತಕಕ್ಕೆ ಯಾಕೆ ಸಲ್ಲಬಾರದು? 'ಕಿರಿಕ್ ಪಾರ್ಟಿ'ಯನ್ನು ನಾವು ಇಷ್ಟು ವರ್ಷ ಆದರೂ ಬಾಯಿಪಾಠ ಹೇಳುವುದು ಅದು ಎಂಜಿನಿಯರಿಂಗ್ ಕಾಲೇಜಿನವರ ಬಾಯಲ್ಲಿ ಎಂಜಿನಿಯರಿಂಗ್ ಕಾಲೇಜಿನ ಮಾತನ್ನೇ ಇಟ್ಟಿದ್ದರಿಂದ ತಾನೆ?

ಸೊರಬದಲ್ಲಿ ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಲೈಬ್ರರಿಯ ಪುಸ್ತಕ ಮುಗಿಸಿ, ಪಿಯು ಸೈನ್ಸ್‌ಗೆ ಬಂದ ದಿನದಿಂದ ಕನ್ನಡದಲ್ಲಿ ಒಂದು ಪುಟ ಓದದವರು ನಮ್ಮ ಕ್ಲಾಸಿನಲ್ಲೇ ಎಷ್ಟು ಜನ ಇಲ್ಲ! ಅವರು ಓದುವುದನ್ನು ಬಿಟ್ಟಿಲ್ಲ. ಸಬ್‌ಟೈಟಲ್ ಓದುತ್ತಾರೆ, ಇಂಗ್ಲಿಷಿಗೆ ಬಂದ ಮಂಗಾ ಓದುತ್ತಾರೆ, ರಾತ್ರಿಯಿಡೀ ಓದುತ್ತಾರೆ. ಕನ್ನಡ ಅವರಿಗೆ ಬೇಡವಾಗಿಲ್ಲ. ಹದಿನಾರಕ್ಕೆ ಬಂದ ಮೇಲೆ ಕನ್ನಡದ ಪುಸ್ತಕ ಅವರ ಜೊತೆ ಮಾತಾಡುವುದನ್ನು ನಿಲ್ಲಿಸಿತು, ಇಪ್ಪತ್ತೈದಕ್ಕೆ ಮತ್ತೆ ಮಾತಾಡಿಸೋಣ ಅಂತ ಕಾಯುತ್ತಿದೆ. ಅಷ್ಟು ಹೊತ್ತಿಗೆ ಅವರು ವಾಪಸ್ ಬರುತ್ತಾರೆ ಅಂತ ಯಾವ ಗ್ಯಾರಂಟಿ?

ಗೆಳತಿ ಸದ್ಯಕ್ಕೆ ಕೊನೇ ಪುಟ ಉಳಿಸಿಕೊಂಡಿದ್ದಾಳೆ, 'ಅನುತ್ತೀರ್ಣ'ವನ್ನು ಕಿತ್ತುಹಾಕಿ 'ಬ್ಯಾಕ್' ವಾಪಸ್ ತಂದಿದ್ದಾಳೆ. ಬಿಡುಗಡೆ ಎರಡನೇ ಇಂಟರ್ನಲ್ಸ್ ಮುಗಿದ ಮೇಲೆ. ಶಿರಾಳಕೊಪ್ಪದಲ್ಲಿ ಮಾಡೋಣ ಅಂತ ಅವಳ ಆಸೆ, ಕಾಲೇಜಿನಲ್ಲೇ ಆಗಲಿ ಅಂತ ನಮ್ಮ ಹಟ. ಎಲ್ಲೇ ಆದರೂ ಆಹ್ವಾನ ಪತ್ರಿಕೆಯಲ್ಲಿ ಅವಳ ಹೆಸರು ಮೊದಲ ಸಾಲಿನಲ್ಲಿ ಇರುತ್ತದೆ. ಪ್ರಶ್ನೋತ್ತರ ಅರ್ಧ ಗಂಟೆ. ಮೊದಲ ಪ್ರಶ್ನೆ ನಾವೇ ಕೇಳುತ್ತೇವೆ, ಯಾವುದು ಅಂತ ಗೊತ್ತಲ್ಲ. ಎರಡನೆಯದನ್ನು ನೀವು ತಯಾರು ಮಾಡಿಕೊಂಡು ಬನ್ನಿ.