ದಾದಾ ಅವರ ವಾಚಿಗೆ ಥಿನ್ನರ್ ಬೇಡ, ಕೊಬ್ಬರಿ ಎಣ್ಣೆ ಸಾಕು

ಹೆಬ್ಬೆ, ಕೆಮ್ಮಣ್ಣುಗುಂಡಿ, ತರೀಕೆರೆ ಕಡೆಯ ಹಲವು ಮನೆಗಳ ಬೀರುವಿನಲ್ಲಿ ಇಂದಿಗೂ ಒಂದು ಹಳೆಯ ಎಚ್‌ಎಂಟಿ ವಾಚು ಇರುತ್ತದೆ. ಅದರ ಗಾಜಿನ ಮೇಲೋ ಹಿಂದಿನ ಮುಚ್ಚಳದ ಮೇಲೋ ಯಾವತ್ತೋ ಅಂಟಿಸಿದ ಸ್ಟಿಕ್ಕರಿನ ಜಿಗುಟು ಕೂಡ ಇರುತ್ತದೆ. ರಿಪೇರಿ ಅಂಗಡಿಯವರು ನಂಬರ್ ಬರೆದು ಅಂಟಿಸಿದ ಚೀಟಿ, ಬೆಲೆಯ ಚೀಟಿ, ಗೀರು ಬೀಳದಿರಲಿ ಎಂದು ಮನೆಯವರೇ ಹಾಕಿದ ಸೆಲ್ಲೊಟೇಪು. ಕಾಗದ ಕಿತ್ತು ಬರುತ್ತದೆ, ಅಂಟು ಉಳಿಯುತ್ತದೆ. ಅದನ್ನು ತೆಗೆಯುವುದು ಸಣ್ಣ ಕೆಲಸ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಹಳೆಯ ವಾಚುಗಳು ಹಾಳಾಗುವುದು ಹೆಚ್ಚಾಗಿ ಈ ಸಣ್ಣ ಕೆಲಸದಲ್ಲೇ ಎಂಬುದು ನನ್ನ ಅಭಿಪ್ರಾಯ.

ಈ ವಾಚುಗಳು ನಮ್ಮ ರಾಜ್ಯದವೇ. 1953ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಕೈಗಡಿಯಾರ ತಯಾರಿಸತೊಡಗಿತು. ಮುಂದೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಜನತಾ, ಪೈಲಟ್, ಸೋನಾ, ಕೋಹಿನೂರ್, ಕಾಂಚನ್ ಎಂಬ ಹೆಸರುಗಳು ನಮ್ಮ ಹಿರಿಯರಿಗೆ ಬಾಯಿಪಾಠ. ಮದುವೆಗೆ, ಪಾಸಾದದ್ದಕ್ಕೆ, ನಿವೃತ್ತಿಗೆ ಕೊಡುತ್ತಿದ್ದ ಉಡುಗೊರೆ ಇದೇ. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿಯ ವಾಚು ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು. ಹಾಗಾಗಿ ಮನೆಯಲ್ಲಿರುವ ಹಳೆಯ ವಾಚನ್ನು ಜೋಪಾನವಾಗಿ ನೋಡಿಕೊಳ್ಳಬೇಕು.

ನಮ್ಮ ದಾದಾ ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ಕೆಲಸ ಬಿಡುವಾಗ ಸಿಕ್ಕ ವಾಚಿನ ಹಿಂದೆ ಅವರ ಹೆಸರು ಕೊರೆದಿದೆ. ಹೋದ ವರ್ಷ ಅಬ್ಬಾ ಅದನ್ನು ಒಂದು ಅಂಗಡಿಗೆ ಸರ್ವಿಸಿಗೆ ಕೊಟ್ಟರು. ವಾಚು ಚೆನ್ನಾಗಿ ಓಡತೊಡಗಿತು. ಆದರೆ ಗಾಜಿಗೆ ಅಂಟಿಸಿದ್ದ ನಂಬರ್ ಚೀಟಿಯ ಅಂಟು ಹೋಗಲಿ ಎಂದು ಅಲ್ಲಿಯವರು ಥಿನ್ನರ್ ಹಚ್ಚಿ ಒರೆಸಿದ್ದರು. ಗಾಜು ಮಬ್ಬಾಗಿ ಬೆಳ್ಳಗಾಯಿತು. ದಾದಿ ಅದನ್ನು ಬೆಳಕಿಗೆ ಹಿಡಿದು, "ನನ್ನ ಕಣ್ಣಿಗೆ ಬಂದ ಮೋತಿಯಾಬಿಂದ್ ಇದಕ್ಕೂ ಬಂತಾ?" ಎಂದು ಕೇಳಿದರು. ನಾವೆಲ್ಲ ನಕ್ಕೆವು. ದಾದಿ ನಗಲಿಲ್ಲ.

ಹೀಗೇಕೆ ಆಗುತ್ತದೆ? ಜನತಾದಂಥ ಹಳೆಯ ವಾಚುಗಳ 'ಗಾಜು' ನಿಜವಾದ ಗಾಜಲ್ಲ, ಅಕ್ರಿಲಿಕ್ ಎಂಬ ಪ್ಲಾಸ್ಟಿಕ್. ಉಗುರಿನಿಂದ ತಟ್ಟಿದರೆ ಮಂದವಾದ ಸದ್ದು ಬರುತ್ತದೆ. ನೇಲ್ ಪಾಲಿಶ್ ತೆಗೆಯುವ ದ್ರವದಲ್ಲಿ ಸಾಮಾನ್ಯವಾಗಿ ಇರುವ ಅಸಿಟೋನ್ ಅಕ್ರಿಲಿಕನ್ನು ಕರಗಿಸುತ್ತದೆ. ಥಿನ್ನರಿನಿಂದಲೂ ಅದೇ ಅಪಾಯ. ಸ್ಪಿರಿಟ್, ಸ್ಯಾನಿಟೈಸರ್ ಹಚ್ಚಿದರೂ ಸಣ್ಣ ಸಣ್ಣ ಬಿರುಕು ಬೀಳಬಹುದು. ಅಂಟು ಹೋಗುತ್ತದೆ ನಿಜ, ಜೊತೆಗೆ ಗಾಜಿನ ಹೊಳಪೂ ಹೋಗುತ್ತದೆ.

ಇದಕ್ಕೆ ಮದ್ದು ನಮ್ಮ ಅಡುಗೆಮನೆಯಲ್ಲೇ ಇದೆ. ಮೊದಲು ಚರ್ಮದ ಪಟ್ಟಿಯನ್ನು ಬಿಚ್ಚಿಡಬೇಕು, ಇಲ್ಲವಾದರೆ ಎಣ್ಣೆಯ ಕಲೆ ಹೋಗುವುದಿಲ್ಲ. ಮೆತ್ತನೆಯ ಹತ್ತಿ ಬಟ್ಟೆಯ ತುದಿಗೆ ಒಂದೆರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಅಂಟಿನ ಮೇಲಷ್ಟೇ ಸವರಬೇಕು. ಎಣ್ಣೆಯನ್ನು ನೇರವಾಗಿ ವಾಚಿನ ಮೇಲೆ ಸುರಿಯಬಾರದು. ಹತ್ತು ನಿಮಿಷ ಬಿಟ್ಟರೆ ಅಂಟು ಮೆತ್ತಗಾಗುತ್ತದೆ. ಆಮೇಲೆ ಬೆರಳಿನಿಂದ ಮೆಲ್ಲಗೆ ಉಜ್ಜಿದರೆ ಉಂಡೆಯಾಗಿ ಬರುತ್ತದೆ. ಬರದಿದ್ದರೆ ಮತ್ತೊಮ್ಮೆ ಎಣ್ಣೆ, ಮತ್ತೆ ಹತ್ತು ನಿಮಿಷ. ಬ್ಲೇಡು, ಪಿನ್ನು ಮುಟ್ಟಬಾರದು. ಕೊನೆಗೆ ಒಂದು ಹನಿ ಸೋಪಿನ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಜಿಡ್ಡು ಒರೆಸಿ, ಒಣ ಬಟ್ಟೆಯಿಂದ ಮತ್ತೊಮ್ಮೆ ಒರೆಸಬೇಕು. ಕೀ ಕೊಡುವ ಗುಂಡಿಯ ಹತ್ತಿರ, ಗಾಜು ಕೂತಿರುವ ಅಂಚಿನಲ್ಲಿ, ಮುಚ್ಚಳದ ಸಂದಿನಲ್ಲಿ ಎಣ್ಣೆಯಾಗಲಿ ನೀರಾಗಲಿ ನಿಲ್ಲಬಾರದು. ನಮ್ಮ ಮಳೆಗಾಲದ ತೇವಕ್ಕೇ ಹಳೆಯ ವಾಚಿನೊಳಗೆ ಮಂಜು ಕಟ್ಟುತ್ತದೆ. ಇನ್ನು ನೀರು ಹೋದರೆ ಕೇಳಬೇಕೆ?

ಚಿನ್ನದ ಬಣ್ಣದ ವಾಚಾದರೆ ಇನ್ನಷ್ಟು ಜೋಪಾನ. ಆ ಲೇಪ ಬಹಳ ತೆಳು. ಟೂತ್‌ಪೇಸ್ಟ್ ಹಾಕಿ ತಿಕ್ಕಿದರೆ ಅಂಟಿನ ಜೊತೆ ಅದೂ ಸವೆಯುತ್ತದೆ. ಮುಚ್ಚಳದ ಮೇಲೆ ಕೊರೆದ ಹೆಸರಿಗೂ ಇದೇ ಮಾತು.

"ಗಾಜು ಹೋದರೆ ಬೇರೆ ಗಾಜು ಹಾಕಿಸಿದರಾಯಿತು" ಎಂದು ಕೆಲವರು ಹೇಳುತ್ತಾರೆ. ಒಪ್ಪುತ್ತೇನೆ, ಅಳತೆಗೆ ಸರಿಹೊಂದುವ ಗಾಜು ಸಿಗಬಹುದು. ಆದರೆ ಲೇಪ, ಡಯಲ್, ಕೊರೆದ ಹೆಸರು ಸಿಗುವುದಿಲ್ಲ. "ಅಂಟು ಇದ್ದರೆ ಇರಲಿ, ಮುಟ್ಟುವುದೇ ಬೇಡ" ಎನ್ನುವವರೂ ಇದ್ದಾರೆ. ಅದೂ ಸರಿಯಲ್ಲ. ಜಿಗುಟಿಗೆ ಧೂಳು, ಬೆವರು ಹಿಡಿದು ಲೋಹದ ಮೇಲೆ ತೇವ ನಿಲ್ಲುತ್ತದೆ. ತೆಗೆಯಲೇಬೇಕು, ಆದರೆ ನಿಧಾನವಾಗಿ.

ಅಕೌಂಟೆನ್ಸಿಯಲ್ಲಿ ನಾವು ಸವಕಳಿ ಎಂಬ ಪಾಠ ಓದುತ್ತೇವೆ. ವರ್ಷ ವರ್ಷವೂ ಸ್ವತ್ತಿನ ಬೆಲೆಯಲ್ಲಿ ಇಷ್ಟು ಎಂದು ಕಳೆಯುತ್ತಾ ಹೋಗುತ್ತೇವೆ. ಆ ಲೆಕ್ಕದಲ್ಲಿ ದಾದಾ ಅವರ ವಾಚಿನ ಬೆಲೆ ಎಂದೋ ಸೊನ್ನೆಯಾಗಿರಬೇಕು. ಆದರೆ ಹಳೆಯ ವಾಚು ಕೊಳ್ಳುವವರು ಡಯಲ್ ಮೂಲದ್ದೇ, ಲೇಪ ಉಳಿದಿದೆಯೇ ಎಂದು ಮೊದಲು ನೋಡುತ್ತಾರೆ, ಅದಕ್ಕೇ ದುಡ್ಡು ಕೊಡುತ್ತಾರೆ. ಮಾರುವ ಯೋಚನೆಯೇ ಇಲ್ಲದ ನಮ್ಮಂಥವರಿಗೆ ಆ ಹೆಸರಿನ ನಾಲ್ಕಕ್ಷರವೇ ಬಂಡವಾಳ. ಪುಸ್ತಕದ ಸವಕಳಿಯನ್ನು ಯಾರೂ ತಡೆಯಲಾರರು, ಉಜ್ಜಿ ಉಜ್ಜಿ ನಾವೇ ತರುವ ಸವಕಳಿಯನ್ನು ತಡೆಯಬಹುದು.

ವಾಚು ರಿಪೇರಿ ಮಾಡುವವರಲ್ಲಿ ಒಂದು ವಿನಂತಿ. ನಂಬರ್ ಚೀಟಿಯನ್ನು ಗಾಜಿಗೆ ಅಂಟಿಸುವ ಬದಲು ದಾರ ಹಾಕಿ ಪಟ್ಟಿಗೆ ಕಟ್ಟಿ. ಟೈಲರ್ ಅಂಗಡಿಯಲ್ಲಿ ಬಟ್ಟೆಗೆ ಅಂಟು ಹಚ್ಚುತ್ತಾರೆಯೇ? ದಾರಕ್ಕೆ ಖರ್ಚು ಏನೂ ಇಲ್ಲ. ಗೆಳೆಯ ಗೆಳತಿಯರೇ, ನೀವು ವಾಚು ಕೊಡುವಾಗಲೂ "ಚೀಟಿ ಅಂಟಿಸಬೇಡಿ, ಕಟ್ಟಿ" ಎಂದು ಬಾಯಿಬಿಟ್ಟು ಹೇಳಿ. ಮನೆಯಲ್ಲಿ ಯಾರಾದರೂ ಥಿನ್ನರ್ ಬಾಟಲಿ ಕೈಗೆತ್ತಿಕೊಂಡರೆ ಅದನ್ನು ಪಕ್ಕಕ್ಕಿಟ್ಟು, ಎಣ್ಣೆಯ ಶೀಶೆ ಕೊಡಿ.